ಸೇಡಂ–ಚಿತ್ತಾಪುರ ಸೀಮೆಯ ತತ್ವಪದ ಗಾಯನ

ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸುತ್ತಲ ಊರುಗಳಲ್ಲಿ ಭಜನಾ ಮೇಳಗಳು ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂಗಳ ಜೊತೆಗೆ ಗುರುಬೋಧೆಯ ಪದಗಳನ್ನು ಹಾಡುವ ಪರಂಪರೆಯೇ ಈ ಸೀಮೆಯ ತತ್ವಪದ ಗಾಯನ. ಹಾಡುವವರು ಬಹುಪಾಲು ರೈತರು, ಕೂಲಿಕಾರರು, ಕಲ್ಲುಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಕಾರ್ಮಿಕರು, ಕುಶಲಕರ್ಮಿಗಳು. ಹಾಡಿ ಹೊಟ್ಟೆ ಹೊರೆಯುವವರು ವಿರಳ. ಪದ ಇವರಿಗೆ ಗುರುವಿನಿಂದಲೋ ಮನೆಯಿಂದಲೋ ಕೇರಿಯ ಮೇಳದಿಂದಲೋ ಬರುತ್ತದೆ. ಯಾರು ಯಾವ ಪದ ಹಾಡಬೇಕು, ಎಲ್ಲಿ ಹಾಡಬೇಕು ಎಂಬುದೂ ಆ ನಂಟಿನ ಮೇಲೆಯೇ ನಿಂತಿದೆ. ಈ ಗಾಯನವನ್ನು ವೇದಿಕೆಯ ಸಂಗೀತದಿಂದ ಬೇರ್ಪಡಿಸುವ ಮುಖ್ಯ ಲಕ್ಷಣ ಇದು.

ವ್ಯಾಪ್ತಿ

ಈ ಸೀಮೆಯನ್ನು ಒಂದುಗೂಡಿಸುವ ಹೊಳೆ ಕಾಗಿಣಾ. ಚಿಂಚೋಳಿ ಕಡೆಯ ಮುಲ್ಲಾಮಾರಿ ಹೊಳೆ ಕಾಗಿಣಾಕ್ಕೆ ಕೂಡುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಇಂದಿನ ಮಳಖೇಡ ಕಾಗಿಣಾದ ದಂಡೆಯ ಮೇಲಿದೆ. ಮುಂದೆ ಶಹಾಬಾದ್ ತಾಲೂಕಿನ ಹೊನಗುಂಟಾದಲ್ಲಿ ಕಾಗಿಣಾ ಭೀಮಾ ನದಿಯನ್ನು ಸೇರುತ್ತದೆ. ಹೊಳೆಯಂತೆ ರೈಲು ದಾರಿಯೂ ಈ ಊರುಗಳನ್ನು ಹೆಣೆದಿದೆ. 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ಮಾರ್ಗ ಚಿತ್ತಾಪುರ, ಸೇಡಂ ಮೂಲಕ ತಾಂಡೂರಿನ ಕಡೆಗೆ ಹೋಗುತ್ತದೆ; ವಾಡಿಯಲ್ಲಿ ಅದು ಮುಂಬಯಿ–ಚೆನ್ನೈ ಮಾರ್ಗವನ್ನು ಕೂಡುತ್ತದೆ. ಚಿಂಚೋಳಿ ಮಾತ್ರ ಈ ರೈಲು ದಾರಿಯಿಂದ ದೂರ, ಕಾಡು ಮತ್ತು ಲಂಬಾಣಿ ತಾಂಡಾಗಳ ತಾಲೂಕು. ಶಹಾಬಾದ್ ಹಿಂದೆ ಚಿತ್ತಾಪುರ ತಾಲೂಕಿಗೆ ಸೇರಿತ್ತು, ಈಗ ಪ್ರತ್ಯೇಕ ತಾಲೂಕು. ವಾಡಿ ಚಿತ್ತಾಪುರ ತಾಲೂಕಿನ ಪಟ್ಟಣ. ಪೂರ್ವಕ್ಕೆ ತೆಲಂಗಾಣದ ಗಡಿ ಹತ್ತಿರವಿರುವುದರಿಂದ ಸೇಡಂ ಮತ್ತು ಚಿಂಚೋಳಿಯ ಹಳ್ಳಿಗಳಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ ಒಂದೇ ಓಣಿಯಲ್ಲಿ ಕೇಳಿಬರುತ್ತವೆ.

ಪರಿಭಾಷೆ

ಪುಸ್ತಕಗಳಲ್ಲಿ ಈ ರಚನೆಗಳಿಗೆ ತತ್ವಪದ, ಅನುಭಾವಪದ, ಸ್ವರವಚನ ಎಂಬ ಹೆಸರುಗಳಿವೆ. ಊರಿನಲ್ಲಿ ಇವು ಬರೀ ‘ಪದ’, ಹಾಡುವ ಕೂಟ ‘ಭಜನಿ’. ಹಾಡುವುದಕ್ಕೆ ‘ಪದಾ ಹೇಳೋದು’ ಎನ್ನುತ್ತಾರೆ, ಹೊಸದನ್ನು ರಚಿಸುವುದಕ್ಕೆ ‘ಪದಾ ಕಟ್ಟೋದು’. ಮುಂದೆ ನಿಂತು ಎತ್ತಿಕೊಡುವವರು ಮುಮ್ಮೇಳ, ಸಾಲನ್ನು ಹಿಡಿದು ಮರಳಿ ಹೇಳುವವರು ಹಿಮ್ಮೇಳ. ಹಾರ್ಮೋನಿಯಂಗೆ ಇಲ್ಲಿ ‘ಪೇಟಿ’ ಎಂಬುದೇ ರೂಢಿ. ಈ ಲೇಖನದಲ್ಲಿ ಪದಗಳನ್ನು ಕಟ್ಟಿದವರಿಗೆ ‘ತತ್ವಪದಕಾರರು’, ಹಾಡುವವರಿಗೆ ‘ಪದ ಹಾಡುವವರು’ ಎಂದು ಬಳಸಲಾಗಿದೆ. ಎರಡೂ ಒಬ್ಬರಲ್ಲೇ ಕೂಡಿದ ಉದಾಹರಣೆಗಳು ಬೇಕಾದಷ್ಟಿವೆ.

ಮೂಲ ಮತ್ತು ಬೆಳವಣಿಗೆ

ಪದ ಹಾಡಿಕೆಯ ಬೇರು ವಚನಕಾರರ ಕಾಲದವರೆಗೆ ಹೋಗುತ್ತದೆ. ಬಸವಾದಿ ಶರಣರಲ್ಲಿ ಕೆಲವರು ಹಾಡುವುದಕ್ಕೆಂದೇ ಸ್ವರವಚನಗಳನ್ನು ಕಟ್ಟಿದರು. ಮುಂದೆ ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’ ಈ ದಾರಿಯನ್ನು ಗಟ್ಟಿಗೊಳಿಸಿತು. ಮುಪ್ಪಿನ ಷಡಕ್ಷರಿ, ಸರ್ಪಭೂಷಣ ಶಿವಯೋಗಿ, ಮುಳಗುಂದದ ಬಾಲಲೀಲಾ ಮಹಾಂತ ಶಿವಯೋಗಿಗಳ ಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಇದಕ್ಕೆ ಕಲಬುರಗಿಯಲ್ಲಿ ನೆಲೆಸಿದ್ದ ಖಾಜಾ ಬಂದೇ ನವಾಜ್ (1321–1422) ಅವರಿಂದ ಹರಿದು ಬಂದ ಸೂಫಿ ಪರಂಪರೆ, ನಾಥ ಮತ್ತು ಆರೂಢ ಪಂಥಗಳ ಸಾಧನೆಯ ಮಾತು, ಹರಿದಾಸರ ಕೀರ್ತನೆ ಎಲ್ಲವೂ ಕೂಡಿಕೊಂಡವು. ಈ ಭಾಗದ ತತ್ವಪದದಲ್ಲಿ ಶರಣರ ಷಟ್‌ಸ್ಥಲ, ಯೋಗಿಗಳ ಕುಂಡಲಿನಿ, ಸೂಫಿಗಳ ಪೀರ, ಮುರ್ಶಿದ ಎಲ್ಲವೂ ಒಂದೇ ಪದದಲ್ಲಿ ಬಂದರೆ ಕೇಳುವವರಿಗೆ ಅದು ಅಚ್ಚರಿಯಲ್ಲ.

ಕಲಬುರಗಿ ಸೀಮೆಯ ತತ್ವಪದಕ್ಕೆ ಕೇಂದ್ರ ವ್ಯಕ್ತಿ ಕಡಕೋಳ ಮಡಿವಾಳಪ್ಪ. 18ನೆಯ ಶತಮಾನದ ಕೊನೆ ಮತ್ತು 19ನೆಯ ಶತಮಾನದಲ್ಲಿ ಬಾಳಿದ ಅವರ ನೆಲೆ ಕಡಕೋಳ. ಆ ಊರು ಹಿಂದೆ ಜೇವರ್ಗಿ ತಾಲೂಕಿನಲ್ಲಿತ್ತು, ಈಗ ಯಡ್ರಾಮಿ ತಾಲೂಕಿನಲ್ಲಿದೆ. ಜಾತಿಯ ಹಮ್ಮು, ಮಠದ ಢಂಭ, ಹುಸಿ ಮಡಿವಂತಿಕೆ ಇವನ್ನು ಅವರ ಪದಗಳು ನೇರ ಮಾತಿನಲ್ಲಿ ಚುಚ್ಚುತ್ತವೆ. ಅವರ ಶಿಷ್ಯಬಳಗದಲ್ಲಿ ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾದವರು ಇದ್ದರು; ಹುಟ್ಟಿದ ಜಾತಿ, ಧರ್ಮ ಬೇರೆ ಬೇರೆಯಾದರೂ ಪದದಲ್ಲಿ ಅವರು ಒಂದೇ ಮನೆತನದವರು. ಮೋಟ್ನಳ್ಳಿ ಹಸನಸಾಬ, ರಾಂಪುರದ ಬಕ್ಕಪ್ಪ, ಸಾಲಗುಂದಿಯ ಗುರುಪೀರಾ ಖಾದ್ರಿ ಅವರ ಪದಗಳೂ ಕಲ್ಯಾಣ ಕರ್ನಾಟಕದ ಮೇಳಗಳಲ್ಲಿ ಚಾಲ್ತಿಯಲ್ಲಿವೆ. ಧಾರವಾಡ ಸೀಮೆಯ ಶಿಶುನಾಳ ಷರೀಫರ (1819–1889) ಪದಗಳು ಇಲ್ಲಿಗೂ ಬಂದು ಬೇರೂರಿವೆ. ಚಿಂಚೋಳಿಗೆ ಸಮೀಪದ ಹುಮನಾಬಾದ್ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಮರಾಠಿ, ಹಿಂದಿ, ಕನ್ನಡ ಸಹಿತ ಹಲವು ಭಾಷೆಗಳಲ್ಲಿ ಪದ ರಚಿಸಿದರು. ಅವರ ಪೀಠ ಸಂಗೀತ ಸೇವೆಗೆ ಹೆಸರಾಗಿದೆ.

1948ರ ಸೆಪ್ಟೆಂಬರ್ 17ರವರೆಗೆ ಈ ಊರುಗಳು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಸಂಸ್ಥಾನದ ಕಚೇರಿ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದು. ಕನ್ನಡ ಶಾಲೆಗಳು ಕಡಿಮೆ. ಅಂಥ ಕಾಲದಲ್ಲಿ ಓದು ಬಾರದವರಿಗೂ ಕನ್ನಡದ ಉನ್ನತ ಚಿಂತನೆಯನ್ನು ಬಾಯಿಪಾಠವಾಗಿಸಿದ್ದು ಭಜನಾ ಮೇಳ. ತತ್ವಪದದ ಇತಿಹಾಸದಲ್ಲಿ ಈ ಅಂಶಕ್ಕೆ ಸಿಗಬೇಕಾದ ಮಹತ್ವ ಇನ್ನೂ ಪೂರ್ತಿ ಸಿಕ್ಕಿಲ್ಲ.

ಪದದ ರಚನೆ

ತತ್ವಪದಕ್ಕೆ ಒಂದು ಪಲ್ಲವಿ, ಅದರ ಹಿಂದೆ ಸಾಮಾನ್ಯವಾಗಿ ಮೂರರಿಂದ ಐದು ನುಡಿಗಳು. ಪ್ರತಿ ನುಡಿ ಮುಗಿದ ಮೇಲೆ ಹಿಮ್ಮೇಳ ಪಲ್ಲವಿಯನ್ನು ಎತ್ತುತ್ತದೆ. ಕೊನೆಯ ನುಡಿಯಲ್ಲಿ ತತ್ವಪದಕಾರರ ಅಂಕಿತ ಅಥವಾ ಅವರ ಗುರುವಿನ ಹೆಸರು ಬರುತ್ತದೆ. ಅಂಕಿತದ ಸಾಲು ಬಂದಾಗ ಹಾಡುವವರು ಕೈ ಮುಗಿಯುವುದು, ತಾಳ ನಿಧಾನಿಸುವುದು ರೂಢಿ. ಪದ ಯಾರದು ಎಂಬುದಕ್ಕೆ ಅಂಕಿತವೇ ಪುರಾವೆ. ಆದರೂ ಬಾಯಿಂದ ಬಾಯಿಗೆ ಬರುವಾಗ ಒಬ್ಬರ ಪದಕ್ಕೆ ಇನ್ನೊಬ್ಬರ ಅಂಕಿತ ಅಂಟಿಕೊಳ್ಳುವುದುಂಟು; ಸಂಪಾದಕರಿಗೆ ದೊಡ್ಡ ತೊಡಕಾಗುವುದು ಇದೇ.

ಧಾಟಿ ಹಿಂದುಸ್ತಾನಿ ರಾಗಗಳ ಛಾಯೆಯಲ್ಲಿರುತ್ತದೆ. ಭೂಪ, ಭೀಮಪಲಾಸ, ಕಾಫಿ, ಬೆಳಗಿನ ಹೊತ್ತಿಗೆ ಜೋಗಿಯಾ, ಭೈರವಿ ಹೆಚ್ಚಾಗಿ ಕಿವಿಗೆ ಬೀಳುತ್ತವೆ. ತಾಳದಲ್ಲಿ ಕೆರವಾ ಮತ್ತು ದಾದರಾ ಪ್ರಧಾನ. ರಾಗದ ಹೆಸರು ತಿಳಿಯದೆಯೂ ಹಾಡುವವರು ಧಾಟಿಯನ್ನು ಇನ್ನೊಂದು ಪದದ ಹೆಸರಿನಿಂದ ಗುರುತಿಸುತ್ತಾರೆ, ‘ಆ ಪದದ ಮಟ್ಟಿನ್ಯಾಗ’ ಎಂದು ಹೇಳಿದರೆ ಪೇಟಿಯವರಿಗೆ ಸಾಕು.

ಭಾಷೆ ಕಲಬುರಗಿ ಕಡೆಯ ಆಡುಗನ್ನಡ. ಬೀಸುಕಲ್ಲು, ಬಾವಿ, ಬಿತ್ತನೆ, ಕಳೆ, ಗಾಣ, ಮಗ್ಗ, ಸಂತೆ ಇವೆಲ್ಲ ದೇಹ ಮತ್ತು ಮನಸ್ಸಿಗೆ ರೂಪಕಗಳಾಗಿ ಬರುತ್ತವೆ.

ವಸ್ತುವಿನ ಪ್ರಕಾರ ಪದಗಳನ್ನು ಗುರುಸ್ತುತಿ, ಬೋಧೆ, ವೈರಾಗ್ಯ, ಸಮಾಜ ವಿಡಂಬನೆ, ಬೆಡಗು ಎಂದು ಗುರುತಿಸಬಹುದು. ಇವುಗಳಲ್ಲಿ ಬೆಡಗಿನ ಪದದ ಗತ್ತೇ ಬೇರೆ. ಮೇಲ್ನೋಟಕ್ಕೆ ಅಸಂಗತವಾಗಿ ಕಾಣುವ ಒಗಟಿನಂಥ ಸಾಲುಗಳಲ್ಲಿ ಸಾಧನೆಯ ಅರ್ಥ ಅಡಗಿರುತ್ತದೆ. ಅರ್ಥ ಬಿಡಿಸುವ ಅಧಿಕಾರ ಗುರುವಿನಿಂದ ಬೋಧೆ ಪಡೆದವರಿಗೆ ಮಾತ್ರ ಎಂಬ ನಂಬಿಕೆ ಇದೆ.

ವಾದ್ಯಗಳು

ಏಕತಾರಿ ಶ್ರುತಿಗೆ, ದಮ್ಮಡಿ ಮತ್ತು ಕಂಚಿನ ತಾಳ ಲಯಕ್ಕೆ. ಹಳೆಯ ಮೇಳದಲ್ಲಿ ಇಷ್ಟೇ ಇದ್ದವು. ಕೈಯಲ್ಲಿ ಹಿಡಿಯುವ ಚಿಟಿಕೆ, ಕಾಲಿಗೆ ಗೆಜ್ಜೆ ಕೆಲವರ ಸೊತ್ತು. ಪೇಟಿ, ತಬಲಾ–ಡಗ್ಗಾ, ಢೋಲಕ್ ಆಮೇಲೆ ಸೇರಿಕೊಂಡವು; ನಾಟಕ ಕಂಪನಿಗಳು ಮತ್ತು ಕೀರ್ತನಕಾರರಿಂದ ಪೇಟಿ ಹಳ್ಳಿಯ ಗುಡಿಯವರೆಗೆ ಬಂದಿತು. ಕೆಲವು ಮೇಳಗಳಲ್ಲಿ ಖವ್ವಾಲಿಯವರಿಂದ ಬಂದ ಬ್ಯಾಂಜೋ ಕೂಡ ಇದೆ.

ದಮ್ಮಡಿ ಒಂದು ಮಗ್ಗುಲಿಗೆ ಮಾತ್ರ ಚರ್ಮ ಬಿಗಿದ ಚಿಕ್ಕ ವಾದ್ಯ. ಶ್ರಾವಣದ ತಂಪಿಗೆ ಚರ್ಮ ಸಡಿಲಾಗಿ ನಾದ ಮಂಕಾಗುತ್ತದೆ. ಆಗ ಗುಡಿಯ ಕಟ್ಟೆಯ ಪಕ್ಕದಲ್ಲಿ ಒಂದಿಷ್ಟು ಹುಲ್ಲು ಅಥವಾ ಕಾಗದ ಹೊತ್ತಿಸಿ, ದಮ್ಮಡಿಯನ್ನು ಉರಿಯ ಮೇಲೆ ತಿರುಗಿಸುತ್ತ ಬೆರಳಿನಿಂದ ತಟ್ಟಿ ನೋಡುತ್ತಾರೆ. ನಾದ ‘ಟಣ್’ ಎಂದ ಮೇಲೆಯೇ ಪದಕ್ಕೆ ಕೂರುವುದು. ಈ ಕೆಲಸ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರ ಪಾಲಿಗೆ ಬರುತ್ತದೆ. ಅವರು ಮೊದಲು ಕಲಿಯುವುದು ಚರ್ಮದ ಹದ, ಆಮೇಲೆ ತಾಳ, ಕೊನೆಗೆ ಪದ.

ಹಾಡುವ ಸಂದರ್ಭಗಳು

ಅಮಾವಾಸ್ಯೆಯ ಭಜನೆ, ಸೋಮವಾರ ಅಥವಾ ಗುರುವಾರ ನಡೆಯುವ ವಾರದ ಭಜನೆ, ಶ್ರಾವಣ ಮಾಸದ ಭಜನೆ, ಶಿವರಾತ್ರಿಯ ಜಾಗರಣೆ, ಮಠಗಳ ಪುರಾಣ, ಜಾತ್ರೆ ಮುಖ್ಯ ಸಂದರ್ಭಗಳು. ಹನುಮಂತನ ಗುಡಿಗಳಲ್ಲಿ ಏಳು ದಿನ ತಾಳ ನಿಲ್ಲದಂತೆ ಪಾಳಿಯ ಮೇಲೆ ಹಾಡುವ ಸಪ್ತಾಹವೂ ಉಂಟು. ಚಿತ್ತಾಪುರ ತಾಲೂಕಿನ ನಾಲವಾರದ ಕೋರಿಸಿದ್ಧೇಶ್ವರ ಮಠ, ಸನ್ನತಿಯ ಚಂದ್ರಲಾಂಬಾ ಕ್ಷೇತ್ರ, ಸೇಡಂ ತಾಲೂಕಿನ ಮೋತಕಪಲ್ಲಿಯ ಬಲಭೀಮಸೇನ ಗುಡಿ, ಯಾನಾಗುಂದಿ, ಈಗ ಕಾಳಗಿ ತಾಲೂಕಿಗೆ ಸೇರಿರುವ ರೇವಗ್ಗಿ–ರಟಕಲ್ ಗುಡ್ಡದ ರೇವಣಸಿದ್ಧೇಶ್ವರ ಇವು ಸೀಮೆಯ ಭಕ್ತರು ನೆರೆಯುವ ಸ್ಥಳಗಳು. ಯಾನಾಗುಂದಿಯ ಮಾತೆ ಮಾಣಿಕೇಶ್ವರಿ (ನಿಧನ 2020) ಅವರ ದರ್ಶನಕ್ಕೆ ತೆಲಂಗಾಣದಿಂದಲೂ ಜನ ಬರುತ್ತಿದ್ದರು. ವಾಡಿ ಬಳಿಯ ಹಲಕಟ್ಟಾ ಶರೀಫ್ ದರ್ಗಾದ ಉರುಸಿಗೆ ಹೈದರಾಬಾದಿನಿಂದ ವಿಶೇಷ ರೈಲುಗಳು ಓಡುತ್ತವೆ.

ರಾತ್ರಿ ಭಜನೆಗೆ ನಿಶ್ಚಿತ ಕ್ರಮವಿದೆ. ಗಣಪತಿ ಮತ್ತು ಗುರುಸ್ತುತಿಯಿಂದ ಆರಂಭ, ನಂತರ ಬೋಧೆಯ ಪದಗಳು. ನಡುರಾತ್ರಿ ದಾಟಿ ಕೇಳುವವರ ಸಂಖ್ಯೆ ಕರಗಿದ ಮೇಲೆ ಬೆಡಗಿನ ಪದಗಳು ಹೊರಬರುತ್ತವೆ. ಎರಡು ಮೇಳ ಎದುರುಬದುರಾದರೆ ಸವಾಲ್–ಜವಾಬ್ ನಡೆಯುತ್ತದೆ. ಒಂದು ಮೇಳ ಒಗಟಿನ ಪದ ಹಾಕಿದರೆ ಇನ್ನೊಂದು ಮೇಳ ಅದನ್ನು ಬಿಡಿಸುವ ಪದವನ್ನೇ ಹಾಡಬೇಕು, ಮಾತಿನ ವಿವರಣೆ ನಡೆಯದು. ಬೆಳಗಿನ ಜಾವ ಮಂಗಳಾರತಿಯೊಂದಿಗೆ ಮುಕ್ತಾಯ.

ಪದ ಹಾಡುವವರು ಮತ್ತು ಅವರ ನಂಟು

ಮೊದಲ ನಂಟು ಗುರುವಿನದು. ಬೋಧೆ ಪಡೆದವನು ಗುರುಪುತ್ರ. ಒಂದೇ ಗುರುವಿನಿಂದ ಬೋಧೆ ಪಡೆದವರು ಯಾವ ಜಾತಿಯವರಾದರೂ ಪರಸ್ಪರ ಗುರುಬಂಧುಗಳು. ಬೋಧೆ ಆದ ಮೇಲೆ ಗುರುವಿನ ಪರಂಪರೆಯ ಪದಗಳ ಮೇಲೆ ಹಾಡುವವನಿಗೆ ಹಕ್ಕು ಬರುತ್ತದೆ, ಅದರೊಂದಿಗೆ ಹೊಣೆಯೂ ಬರುತ್ತದೆ. ಸಾಲು ತಪ್ಪಿಸಿ ಹಾಡಿದರೆ ಗುರುವಿಗೆ ಅಪಚಾರ ಎಂಬ ಭಾವನೆ ಪಾಠವನ್ನು ಬಿಗಿಯಾಗಿ ಕಾಪಾಡಿದೆ. ದಲಿತ ಕೇರಿಯ ಹಾಡುಗಾರ ಗುರುವಾಗಿ, ಮೇಲ್ಜಾತಿಯವರು ಅವರ ಮುಂದೆ ಕುಳಿತು ಪದ ಕಲಿತ ಸಂದರ್ಭಗಳೂ ಈ ಪರಂಪರೆಯಲ್ಲಿವೆ. ಭಜನೆ ಮುಗಿದ ಮರುದಿನ ಬಾವಿಕಟ್ಟೆಯ ಭೇದ ಹಾಗೇ ಉಳಿದಿರುತ್ತಿತ್ತು ಎಂಬುದೂ ಸತ್ಯ. ಪದಗಳಲ್ಲಿ ಜಾತಿಯ ವಿರುದ್ಧದ ಸಿಟ್ಟು ಅಷ್ಟು ತೀಕ್ಷ್ಣವಾಗಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಮನೆಯ ನಂಟು. ಬಹಳಷ್ಟು ಹಾಡುವವರ ಕಿವಿಗೆ ಮೊದಲು ಬಿದ್ದದ್ದು ತಾಯಿ ಅಥವಾ ಅಜ್ಜಿಯ ಬೀಸುವ ಪದ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೂ ಆ ಧಾಟಿಗಳು ಸೋಬಾನೆ, ತೊಟ್ಟಿಲು ಪದಗಳಲ್ಲಿ ಉಳಿದಿವೆ. ಭಜನೆಯ ಪದಗಳಿಗೂ ದಾಟಿವೆ. ತಂದೆಯಿಂದ ಮಗನಿಗೆ ದಾಟುವ ಮುಖ್ಯ ಸೊತ್ತು ವಹಿ. ದಪ್ಪ ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಪದಗಳನ್ನು ಕೈಯಾರೆ ಬರೆದು, ಪ್ರತಿ ಪದದ ಮೇಲೆ ಧಾಟಿಯ ಗುರುತು ಹಾಕಿ, ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಡುತ್ತಾರೆ. ವರ್ಷಕ್ಕೊಮ್ಮೆ ಅದಕ್ಕೆ ಪೂಜೆ. ಓದಲು ಬಾರದವರು ಓದಬಲ್ಲವರಿಂದ ಬರೆಸಿಟ್ಟುಕೊಂಡ ವಹಿಗಳೂ ಇವೆ. ವಹಿಯನ್ನು ಹೊರಗಿನವರ ಕೈಗೆ ಸುಲಭವಾಗಿ ಕೊಡುವುದಿಲ್ಲ. ತತ್ವಪದ ಸಂಗ್ರಹಕ್ಕೆ ಹೊರಟ ಸಂಶೋಧಕರು ಮೊದಲು ಗಳಿಸಬೇಕಾದದ್ದು ಮನೆಯವರ ವಿಶ್ವಾಸ.

ಮೂರನೆಯದು ದುಡಿಮೆಯ ನಂಟು. ಶಹಾಬಾದ್ ಹಾಸುಗಲ್ಲಿಗೆ ಹೆಸರಾದ ಊರು; ಸುತ್ತಲಿನ ಗಣಿಗಳಿಂದ ತೆಗೆದ ‘ಶಹಾಬಾದಿ ಫರಸಿ’ ದೂರದೂರದ ಮನೆಗಳ ನೆಲವಾಗಿದೆ. ಇದೇ ಸುಣ್ಣದ ಕಲ್ಲಿನ ಆಧಾರದ ಮೇಲೆ ಶಹಾಬಾದ್, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ವಾಡಿಯ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಹಳ್ಳಿಗಳಿಂದ ಕೆಲಸಕ್ಕೆ ಬಂದವರು ತಮ್ಮ ಊರಿನ ಪದಗಳನ್ನು ಕಾರ್ಮಿಕರ ಕಾಲೊನಿಗೆ ತಂದರು. ಪಾಳಿಯ ಕೆಲಸದಿಂದ ಭಜನೆಯ ಹೊತ್ತು ಬದಲಾಯಿತು: ಎರಡನೆಯ ಪಾಳಿ ಬಿಟ್ಟು ಬಂದವರು ನಡುರಾತ್ರಿ ಮೇಳ ಸೇರುವುದು, ರಾತ್ರಿ ಪಾಳಿಯವರು ಸಂಜೆಯೇ ಎರಡು ಪದ ಹೇಳಿ ಹೋಗುವುದು ರೂಢಿಯಾಯಿತು. ಬೇರೆ ಬೇರೆ ತಾಲೂಕಿನವರು ಒಂದೆಡೆ ಸೇರಿದ್ದರಿಂದ ಒಂದೇ ಪದದ ಹಲವು ಧಾಟಿಗಳು ಈ ಕಾಲೊನಿಗಳಲ್ಲಿ ಎದುರಾದವು. ಕಲ್ಲಿನ ದೂಳು ಕುಡಿದ ಎದೆಗೆ ದೀರ್ಘ ಉಸಿರಿನ ಆಲಾಪ ಕಷ್ಟ. ಗಣಿಯಲ್ಲಿ ದುಡಿದ ಹಿರಿಯ ಹಾಡುಗಾರರು ಸಾಲನ್ನು ತುಂಡರಿಸಿ ಹಿಮ್ಮೇಳಕ್ಕೆ ಬೇಗ ಬಿಟ್ಟುಕೊಡುತ್ತಾರೆ.

ನಾಲ್ಕನೆಯದು ಸಾವಿನ ನಂಟು. ಸತ್ತವರ ಮನೆಗೆ ಕರೆಯದೆಯೂ ಭಜನಾ ಮೇಳ ಹೋಗಬೇಕು ಎಂಬುದು ಈ ಸೀಮೆಯ ಕಟ್ಟುಪಾಡು. ಲಿಂಗಾಯತರ ಮನೆಗಳಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿರುತ್ತಾರೆ, ಅದರ ಎದುರು ಮೇಳ ಬೆಳತನಕ ಹಾಡುತ್ತದೆ. ಅಂದು ವೈರಾಗ್ಯದ ಪದಗಳದೇ ಮೇಲುಗೈ. ದೇಹ ಅಳಿದರೂ ಅರಿವು ಉಳಿಯುತ್ತದೆ ಎಂಬ ಮಾತನ್ನು ಅಳುವವರ ಮಧ್ಯೆ ಕುಳಿತು ಹೇಳುವುದು ಹಾಡುವವರಿಗೂ ಕಠಿಣ. ಇದಕ್ಕೆ ಸಂಭಾವನೆ ತೆಗೆದುಕೊಳ್ಳುವುದಿಲ್ಲ, ಚಹಾ ಮಾತ್ರ. ದೊಡ್ಡ ಹಾಡುಗಾರ ತೀರಿಕೊಂಡಾಗ ಸುತ್ತಲಿನ ಮೇಳಗಳೆಲ್ಲ ಕೂಡಿ ಅವರು ಹಾಡುತ್ತಿದ್ದ ಪದಗಳನ್ನೇ ಹಾಡುತ್ತವೆ.

ಹೆಣ್ಣುಮಕ್ಕಳ ಪಾಲು ಬಹುಕಾಲ ಮನೆಯ ಹಾಡಿಗೆ ಸೀಮಿತವಾಗಿತ್ತು. ಗುಡಿಯ ಭಜನೆಯಲ್ಲಿ ಅವರು ಕೇಳುವವರು. ಇದರ ನಡುವೆಯೂ ಬೋಧೆ ಪಡೆದು ಪದ ಕಟ್ಟಿದ ತತ್ವಪದಕಾರ್ತಿಯರು ಕಲ್ಯಾಣ ಕರ್ನಾಟಕದಲ್ಲಿ ಇದ್ದರು; ಈಚಿನ ಸಂಶೋಧನೆಗಳು ಅವರ ರಚನೆಗಳನ್ನು ಬೆಳಕಿಗೆ ತಂದಿವೆ. ಈಗ ಮಹಿಳಾ ಭಜನಾ ಮಂಡಳಿಗಳು ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಇವೆ.

ನೆರೆಯ ಪ್ರಕಾರಗಳು

ತತ್ವಪದ ಒಂಟಿಯಾಗಿ ಬೆಳೆದಿಲ್ಲ. ಮೊಹರಂ ದಿನಗಳಲ್ಲಿ ಹಾಡುವ ರಿವಾಯತ್ ಪದಗಳು ಹಸನ್–ಹುಸೇನರ ಹಾಗೂ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹೇಳುತ್ತವೆ. ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ. ಹಾಲುಮತದವರ ಡೊಳ್ಳಿನ ಪದ, ರಾಶಿಯ ಕಣದ ಹಂತಿ ಪದ, ಗೀಗೀ ಮತ್ತು ಲಾವಣಿ, ಗೊಂದಲಿಗರ ಸಂಬಾಳದ ಹಾಡು, ಜೋಗತಿಯರ ಚೌಡಿಕೆ ಪದ ಇವೆಲ್ಲ ಒಂದೇ ಜಾತ್ರೆಯಲ್ಲಿ ಕೇಳಸಿಗುತ್ತವೆ. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ ಹಾಡುಗಳು ನಗಾರಿ ಮತ್ತು ಕಂಚಿನ ತಾಟಿನ ನಾದದೊಂದಿಗೆ ನಡೆಯುತ್ತವೆ. ಸಂತ ಸೇವಾಲಾಲರ ಸ್ತುತಿ ಅವುಗಳ ಮುಖ್ಯ ವಸ್ತು.

ಗಡಿಯಾಚೆ ತೆಲುಗಿನಲ್ಲಿ ತತ್ವಪದಕ್ಕೆ ಸಂವಾದಿಯಾಗಿ ‘ತತ್ವಾಲು’ ಇವೆ. ಪೋತುಲೂರಿ ವೀರಬ್ರಹ್ಮೇಂದ್ರರ ಹೆಸರಿನ ತತ್ವಾಲು ಸೇಡಂ ಕಡೆಯ ಮೇಳಗಳಿಗೂ ಪರಿಚಿತ. ಅವರ ಪ್ರಮುಖ ಶಿಷ್ಯ ಸಿದ್ದಯ್ಯ ಮುಸ್ಲಿಂ ದೂದೇಕುಲ ಸಮುದಾಯದವರು. ಮಡಿವಾಳಪ್ಪ–ಜಲಾಲಸಾಬರ ಸಂಬಂಧದೊಂದಿಗೆ ಇದನ್ನು ಹೋಲಿಸಬಹುದು. ಬಂಗಾಳದ ಬಾವುಲರ ಏಕತಾರ, ಗುರುವಾದ, ದೇಹತತ್ವದ ಹಾಡುಗಳು ಇದೇ ಬಳಗಕ್ಕೆ ಸೇರುತ್ತವೆ. ಅಮೆರಿಕದ ಕಂಟ್ರಿ ಸಂಗೀತ ವಸ್ತುವಿನಲ್ಲಿ ದೂರವಾದರೂ ಮನೆ, ದುಡಿಮೆ, ಭಕ್ತಿಗಳಿಂದ ಹುಟ್ಟಿದ ಕ್ರಮದಲ್ಲಿ ಹತ್ತಿರ. 1927ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಣಗೊಂಡ ಕಾರ್ಟರ್ ಕುಟುಂಬದವರು ಮನೆಮಂದಿಯ, ನೆರೆಹೊರೆಯವರ ಹಾಡುಗಳನ್ನು ಹಾಡಿದರು. ಅದೇ ಸಂದರ್ಭದಲ್ಲಿ ಹಾಡಿದ ಜಿಮ್ಮಿ ರಾಜರ್ಸ್ ಮೊದಲು ರೈಲ್ವೆ ಕೆಲಸಗಾರರಾಗಿದ್ದರು. ಅಲ್ಲಿ ಧ್ವನಿಮುದ್ರಿಕೆ ಕಂಪನಿಗಳು ಹಾಡುವವರ ಹೆಸರನ್ನು ದೇಶಕ್ಕೆ ಪರಿಚಯಿಸಿದವು. ಇಲ್ಲಿ ತತ್ವಪದಕಾರರ ಹೆಸರು ಅಂಕಿತದಲ್ಲಿ ಉಳಿಯಿತು, ಹಾಡಿದವರ ಹೆಸರು ಊರಿನ ನೆನಪಿನಲ್ಲಷ್ಟೇ.

ಸಂಗ್ರಹ ಮತ್ತು ಅಧ್ಯಯನ

ಕಲಬುರಗಿಯ ಮೀನಾಕ್ಷಿ ಬಾಳಿ ಈ ಭಾಗದ ತತ್ವಪದಕಾರರ ಕುರಿತು ಸಂಶೋಧನೆ ಮಾಡಿದ್ದಾರೆ. ಬಸವರಾಜ ಸಬರದ, ವೀರಣ್ಣ ದಂಡೆ, ಮಲ್ಲಿಕಾರ್ಜುನ ಕಡಕೋಳ ಈ ಕ್ಷೇತ್ರದಲ್ಲಿ ಬರೆದ ಇತರರು. ರಹಮತ್ ತರೀಕೆರೆ ಅವರ ‘ಕರ್ನಾಟಕದ ಸೂಫಿಗಳು’ ಮತ್ತು ‘ಕರ್ನಾಟಕದ ಮೊಹರಂ’ ಕೃತಿಗಳು ತತ್ವಪದದ ಧಾರ್ಮಿಕ ಹಿನ್ನೆಲೆಯನ್ನು ತಿಳಿಯಲು ನೆರವಾಗುತ್ತವೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ರಾಜ್ಯದ ತತ್ವಪದಗಳನ್ನು ಸಂಪುಟ ಮಾಲೆಯಾಗಿ ಹೊರತಂದಿದೆ. ಈ ಮಾಲೆಯಿಂದ ಚದುರಿದ ವಹಿಗಳ ದೊಡ್ಡ ಭಾಗ ಮುದ್ರಣಕ್ಕೆ ಬಂದಿತು. ಸಾಹಿತ್ಯ ಹೀಗೆ ಅಚ್ಚಿಗೆ ಬಂದರೂ ಧಾಟಿಗಳ ಧ್ವನಿ ದಾಖಲಾತಿ ಅದರ ಹಿಂದೆಯೇ ಸಾಗಿಲ್ಲ. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿ ಹಳ್ಳಿಯ ಮೇಳಗಳನ್ನು ಕರೆಸಿ ಹಾಡಿಸಿದ್ದು ಈ ದಿಸೆಯ ಮಹತ್ವದ ಕೆಲಸ.

ಇಂದಿನ ಸ್ಥಿತಿ

ಕ್ಯಾಸೆಟ್ಟಿನ ಕಾಲದಲ್ಲಿ ಭಜನಾ ಪದಗಳು ಸಂತೆಯಲ್ಲಿ ಮಾರಾಟವಾದವು. ಈಗ ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವುದು ಸಾಮಾನ್ಯ. ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋದವರು ಅಲ್ಲಿಂದಲೇ ಊರಿನ ಭಜನೆ ಕೇಳುತ್ತಾರೆ. ಕೀಬೋರ್ಡ್ ಮತ್ತು ಪ್ಯಾಡ್ ಬಂದ ಮೇಲೆ ಸಿನಿಮಾ ಧಾಟಿಗೆ ಪದ ಹೊಂದಿಸುವ ರೂಢಿ ಹೆಚ್ಚಿದೆ. ಇದರಿಂದ ಎಳೆಯರು ಮೇಳಕ್ಕೆ ಬರುತ್ತಿದ್ದಾರೆ, ಹಳೆಯ ನಿಧಾನ ಲಯದ ಧಾಟಿಗಳು ಹಿಂದೆ ಸರಿಯುತ್ತಿವೆ. ಬಹುಮಾನವಿಟ್ಟು ನಡೆಸುವ ಭಜನಾ ಸ್ಪರ್ಧೆಗಳಲ್ಲಿ ಪ್ರತಿ ಮೇಳಕ್ಕೂ ಸಿಗುವುದು ಕೆಲವೇ ನಿಮಿಷ. ಇಡೀ ರಾತ್ರಿಯ ಕ್ರಮ ಅಲ್ಲಿಗೆ ಹಿಡಿಸುವುದಿಲ್ಲ, ಬೆಡಗಿನ ಪದವನ್ನಂತೂ ಯಾರೂ ಎತ್ತಿಕೊಳ್ಳುವುದಿಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅರ್ಜಿಯ ಜೊತೆ ಕಾರ್ಯಕ್ರಮಗಳ ಪ್ರಮಾಣಪತ್ರ, ಫೋಟೊ, ಕರಪತ್ರ ಒದಗಿಸಬೇಕಾಗುತ್ತದೆ. ಜೀವಮಾನವಿಡೀ ಗುಡಿಯಲ್ಲಿ, ಸತ್ತವರ ಮನೆಯಲ್ಲಿ ಹಾಡಿದವರ ಬಳಿ ಇಂಥ ಕಾಗದಗಳು ಇರುವುದು ಅಪರೂಪ. ಸೇಡಂ, ಚಿತ್ತಾಪುರ ಭಾಗದಲ್ಲಿ ಕಲಿಕೆ ಈಗಲೂ ನಡೆಯುವುದು ವಾರದ ಭಜನೆಯಲ್ಲಿಯೇ. ಹೊಸಬರು ಹಿಮ್ಮೇಳದ ಕೊನೆಯ ಸಾಲಿನಲ್ಲಿ ತಾಳ ಹಿಡಿದು ಕೂರುತ್ತಾರೆ. ಪದದ ಸಾಲು ಕೈತಪ್ಪಿದರೆ ಪೇಟಿಯವರು ನಿಲ್ಲಿಸುವುದಿಲ್ಲ, ಪಲ್ಲವಿಯನ್ನು ಮತ್ತೊಂದು ಸಲ ನುಡಿಸಿ ಅವರಿಗೆ ಸಮಯ ಕೊಡುತ್ತಾರೆ.